ಹುಟ್ಟಿನ ತೂಕ ಮತ್ತು ಮಕ್ಕಳ ಹೃದಯದ ಆರೋಗ್ಯ

ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಲ್ಲಾಗಲಿ, ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಾಗಲಿ ಹೆರಿಗೆಯಾಗಿ ಮನೆಗೆ ಹೊರಡುವ ತಾಯಿಯ ಕೈಗೆ ಕೊಡುವ ಕಾಗದದಲ್ಲಿ ಮಗುವಿನ ತೂಕವನ್ನು ನಮೂದಿಸಿರುತ್ತಾರೆ. ಜನನ ಪತ್ರ ಕೈಸೇರಿದ ಮೇಲೆ ಅನೇಕರು ಆ ಕಾಗದವನ್ನು ಮರೆತುಬಿಡುವರು. ಹೃದ್ರೋಗವೂ ಸಕ್ಕರೆ ಕಾಯಿಲೆಯೂ ಪಟ್ಟಣದ ಸಿರಿವಂತರಿಗೆ, ಅದೂ ವಯಸ್ಸು ಕಳೆದ ಮೇಲೆ ಬರತಕ್ಕವೆಂದು ಎಣಿಸಿದವರಿಗೆ, ಹಸುಗೂಸಿನ ತೂಕಕ್ಕೂ ಅವುಗಳಿಗೂ ಸಂಬಂಧವಿದ್ದೀತೆಂದು ತೋಚುವುದಿಲ್ಲ. ಸಂಬಂಧವುಂಟು. ಅದನ್ನು ತೋರಿಸಿಕೊಟ್ಟ ಅಧ್ಯಯನಗಳಲ್ಲಿ ಒಂದು ನಮ್ಮ ಮೈಸೂರಿನಲ್ಲಿಯೇ ನಡೆದುದು.

ಮೈಸೂರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು 1934ರಿಂದ ಬರೆದಿಡುತ್ತ ಬಂದಿದ್ದರು. 1934ರಿಂದ 1954ರವರೆಗೆ ಅಲ್ಲಿ ಜನಿಸಿದ 517 ಮಂದಿಯನ್ನು ಅವರು ನಡುವಯಸ್ಸಿಗೆ ಬಂದಾಗ ಹುಡುಕಿ ಪರೀಕ್ಷಿಸಿ, ಫಲಿತಾಂಶವನ್ನು 1996ರಲ್ಲಿ ಪ್ರಕಟಿಸಲಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು. 3.1 ಕಿಲೋಗಿಂತ ಹೆಚ್ಚು ತೂಕವಿದ್ದವರಲ್ಲಿ ಈ ಸಂಖ್ಯೆ ನೂರಕ್ಕೆ 3 ಮಾತ್ರ.

ಇದಕ್ಕೆ ವೈದ್ಯರು ಕೊಡುವ ವಿವರಣೆ ಹೀಗಿದೆ: ಗರ್ಭದಲ್ಲಿ ಆಹಾರ ಸಾಲದಾದಾಗ ಶಿಶುವಿನ ದೇಹವು ಮೊದಲು ಮಿದುಳನ್ನು ಕಾಪಾಡಿಕೊಳ್ಳುತ್ತದೆ. ಮಾಂಸಖಂಡ, ಮೂತ್ರಪಿಂಡ, ಸಕ್ಕರೆಯನ್ನು ಹತೋಟಿಯಲ್ಲಿಡುವ ಮೇದೋಜೀರಕ ಗ್ರಂಥಿ ಇವು ಸೊರಗುತ್ತವೆ. ಕೊರತೆಗೆ ಹೊಂದಿಕೊಂಡ ಇಂತಹ ದೇಹಕ್ಕೆ ಮುಂದೆ ಸಿಹಿ, ಎಣ್ಣೆ ಪದಾರ್ಥಗಳು ಧಾರಾಳವಾಗಿ ದೊರೆತರೆ ಅದು ತಾಳಲಾರದು.

ತಾಯಿಯ ರಕ್ತದಲ್ಲಿ ಸಕ್ಕರೆ ಮಿತಿಮೀರಿದರೂ ಮಗುವಿಗೆ ಕೇಡೇ. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಲಾಯಿತು. ಬಸಿರಿನಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಹತ್ತು ವರ್ಷ ತುಂಬುವ ಮೊದಲೇ ಮೈಕೊಬ್ಬು ಹೆಚ್ಚಾಗಿತ್ತು.

ಆದುದರಿಂದ ಮಕ್ಕಳ ಹೃದಯದ ರಕ್ಷಣೆ ಬಸಿರಿನಿಂದಲೇ, ಇನ್ನೂ ಸರಿಯಾಗಿ ಹೇಳುವುದಾದರೆ ಅದಕ್ಕೂ ಮೊದಲೇ ಆರಂಭವಾಗಬೇಕು. ತಾನೇ ಬೆಳೆಯುತ್ತಿರುವ ಹುಡುಗಿ ತಾಯಿಯಾದರೆ, ಅಥವಾ ಒಂದು ಹೆರಿಗೆಯ ಬಳಲಿಕೆ ಆರುವ ಮುನ್ನವೇ ಮತ್ತೊಂದು ಬಸಿರು ನಿಂತರೆ, ಮಗುವಿನ ತೂಕ ಕುಗ್ಗುವ ಸಂಭವ ಹೆಚ್ಚು. ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಗರ್ಭಿಣಿಗೆ ಅರೆಹೊಟ್ಟೆ ಉಣಿಸುವ ವಾಡಿಕೆ ಕೆಲವು ಮನೆಗಳಲ್ಲಿದೆ. ಹಾಗೆ ಹೇಳುವ ಹಿರಿಯರ ಕಳಕಳಿ ನಿಜ, ಮಾತು ಮಾತ್ರ ತಪ್ಪು. ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ಸೊಸೆ ಉಣ್ಣುವ ಪದ್ಧತಿಯನ್ನು ಬದಲಿಸುವುದು ಪತಿಯಾದವನಿಗೆ ಸೇರಿದ ಕೆಲಸ. ರಾಗಿ, ಬೇಳೆ, ಕಾಳು, ಸೊಪ್ಪು, ಹಾಲು, ಒಗ್ಗುವವರಿಗೆ ಮೊಟ್ಟೆ ಇವು ಆಕೆಗೆ ಮೊದಲು ಸಲ್ಲಬೇಕು. ರಕ್ತದ ಸಕ್ಕರೆಯನ್ನು ಮೊದಲ ಭೇಟಿಯಲ್ಲಿಯೇ, ಮತ್ತೊಮ್ಮೆ 24ರಿಂದ 28ನೆಯ ವಾರದೊಳಗೆ ಪರೀಕ್ಷಿಸಿಕೊಳ್ಳಬೇಕು. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ, ಎರಡು ಗಂಟೆಯ ಅನಂತರ ರಕ್ತ ತೆಗೆಯುವರು. ಸಕ್ಕರೆ 140 ಅಥವಾ ಹೆಚ್ಚಿದ್ದರೆ ಪಥ್ಯ ಮತ್ತು ಚಿಕಿತ್ಸೆ ಬೇಕು. ಆ ಎರಡು ಗಂಟೆ ಕಾಯಲು ಬೇಸರಪಟ್ಟು ಮನೆಗೆ ಮರಳಬಾರದು.

ಮಗು ಸಣ್ಣದಾಗಿಯೇ ಹುಟ್ಟಿದರೆ ಎದೆಗುಂದಬೇಕಾಗಿಲ್ಲ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು. ಬಡಕಲೆಂದು ಮರುಗಿ, ಮುಂದೆ ಬಿಸ್ಕತ್ತು, ಸಕ್ಕರೆ ಬೆರೆಸಿದ ಪಾನೀಯಗಳಿಂದ ದಪ್ಪ ಮಾಡಹೊರಡುವುದೇ ಅಪಾಯ. ಅಂತಹ ಮಗುವಿಗೆ ಬೇಕಾದುದು ಮನೆಯ ಊಟ ಮತ್ತು ಓಡಾಡಿ ಆಡಲು ಬಯಲು.

ಶಾಲೆಗೆ ಹೋಗುವ ಮಕ್ಕಳನ್ನು ಮನೆಯಲ್ಲಿಯೇ ಪರೀಕ್ಷಿಸಲು ಒಂದು ದಾರ ಸಾಕು. ಮಗುವಿನ ಎತ್ತರದಷ್ಟು ದಾರವನ್ನು ಎರಡಾಗಿ ಮಡಚಿ ಸೊಂಟಕ್ಕೆ ಸುತ್ತಿರಿ. ತುದಿಗಳು ಕೂಡದಿದ್ದರೆ ಹೊಟ್ಟೆಯ ಕೊಬ್ಬು ಮಿತಿಮೀರಿದೆ ಎಂದು ಅರ್ಥ. ಹದಿಹರೆಯದವರ ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ, ದಪ್ಪಗಾಗಿದ್ದರೆ ಕೊಳೆಯೆಂದು ಉಜ್ಜುವವರುಂಟು. ಅನೇಕ ವೇಳೆ ಅದು ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬುದರ ಗುರುತು. ಇವೆರಡರಲ್ಲಿ ಒಂದು ಕಂಡರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಗುವಿನ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ನೋಡಿಸಿರಿ.