ಅಂಗಳದ ದುಡಿಮೆ ಮತ್ತು ಲಿಂಗಾಧಾರಿತ ಶ್ರಮವಿಭಜನೆ: ಮಲಪನಗುಡಿ ಪರಿಸರವನ್ನು ಅನುಲಕ್ಷಿಸಿ

1. ಪ್ರವೇಶ

ಮಹಿಳೆಯ ದುಡಿಮೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಎರಡು ನೆಲೆಗಳನ್ನು ಆರಿಸಿಕೊಂಡಿವೆ. ಒಂದು ಅಡುಗೆಮನೆ, ಇನ್ನೊಂದು ಹೊಲ. ಇವೆರಡರ ನಡುವೆ ಇರುವ ಅಂಗಳ ಮತ್ತು ಹಿತ್ತಲು ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಅಂಗಳವು ಮನೆಯ ಒಳಗೂ ಸೇರದ, ಪೂರ್ತಿಯಾಗಿ ಹೊರಗೂ ಸೇರದ ಜಾಗ. ಒಳಗಿನ ಕೆಲಸ ಹೆಣ್ಣಿನದು, ಹೊರಗಿನ ಕೆಲಸ ಗಂಡಿನದು ಎಂಬ ಸರಳ ವಿಭಜನೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದಲೇ ಶ್ರಮವಿಭಜನೆ ಯಾವ ತತ್ವದ ಮೇಲೆ ನಡೆಯುತ್ತದೆ ಎಂಬುದನ್ನು ಪರೀಕ್ಷಿಸಲು ಅಂಗಳವು ಸೂಕ್ತವಾದ ಸ್ಥಳವಾಗಿದೆ.

ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಸಾಗುವ ದಾರಿಯಲ್ಲಿರುವ ಮಲಪನಗುಡಿ ಮತ್ತು ಅದರ ಸುತ್ತಲಿನ ಪ್ರದೇಶ ಈ ದೃಷ್ಟಿಯಿಂದ ಮಹತ್ವದ್ದು. ಒಂದು ಕಡೆ ವಿಜಯನಗರ ಕಾಲದ ಕಾಲುವೆಗಳ ನೀರನ್ನು ಇಂದಿಗೂ ನೆಚ್ಚಿರುವ ಭತ್ತ, ಕಬ್ಬು, ಬಾಳೆಯ ಕೃಷಿ ಮತ್ತು ಅದಕ್ಕೆ ಹೊಂದಿಕೊಂಡ ದನದ ಕೊಟ್ಟಿಗೆ, ತಿಪ್ಪೆ, ಬಣವೆಗಳಿರುವ ಮನೆಗಳು. ಇನ್ನೊಂದು ಕಡೆ 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿಯ ಸ್ಮಾರಕಗಳ ಸುತ್ತ ಬೆಳೆಸಿದ ಹುಲ್ಲುಹಾಸು, ಪ್ರವಾಸಿಗರಿಗಾಗಿ ತಲೆಯೆತ್ತಿದ ವಸತಿಗೃಹಗಳ ಕೈತೋಟ, 1991ರಲ್ಲಿ ಸ್ಥಾಪನೆಗೊಂಡ ಕನ್ನಡ ವಿಶ್ವವಿದ್ಯಾಲಯದ ಆವರಣ. ಸಗಣಿ ಸಾರಿಸಿದ ಅಂಗಳವೂ ಯಂತ್ರದಿಂದ ಕತ್ತರಿಸಿದ ಹುಲ್ಲುಹಾಸೂ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ಈ ಎರಡು ಬಗೆಯ ಅಂಗಳಗಳಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಅಂಗಳ ಮತ್ತು ಹಿತ್ತಲು: ಕೆಲಸದ ಹಂಚಿಕೆ

ಸಂಸ್ಕೃತದ ‘ಅಂಗಣ’ ತದ್ಭವಗೊಂಡು ಕನ್ನಡದಲ್ಲಿ ‘ಅಂಗಳ’ವಾಗಿದೆ. ಅಂಗಳ ಮನೆಯ ಮುಖ. ಹಿತ್ತಲು ಮನೆಯ ಬೆನ್ನು. ಬೆಳಗಿನ ಜಾವ ಕಸ ಗುಡಿಸುವುದು, ಸಗಣಿನೀರು ಚಿಮುಕಿಸುವುದು, ರಂಗೋಲಿ ಹಾಕುವುದು, ಕೊಟ್ಟಿಗೆಯ ಸಗಣಿ ಬಾಚುವುದು, ಕುಳ್ಳು ತಟ್ಟುವುದು, ಹಿತ್ತಲಿನ ಬಸಳೆ, ಹೀರೆ, ಕರಿಬೇವು, ಹೂಗಿಡಗಳಿಗೆ ಪಾತ್ರೆ ತೊಳೆದ ನೀರನ್ನು ತಿರುಗಿಸುವುದು, ಇವೆಲ್ಲ ಸಾಂಪ್ರದಾಯಿಕವಾಗಿ ಹೆಣ್ಣಿನ ಕೆಲಸಗಳು. ಬೇಲಿ ಕಟ್ಟುವುದು, ಗುಂಡಿ ತೋಡುವುದು, ಬಣವೆ ಒಟ್ಟುವುದು, ಮರದ ಕೊಂಬೆ ಕಡಿಯುವುದು, ಮಾಳಿಗೆಗೆ ಮಣ್ಣು ಹಾಕುವುದು ಗಂಡಿನ ಕೆಲಸಗಳು.

ಈ ಎರಡು ಪಟ್ಟಿಗಳನ್ನು ಹೋಲಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗಂಡಿನ ಪಾಲಿಗೆ ಬಂದವು ವರ್ಷಕ್ಕೊಮ್ಮೆಯೋ ಋತುವಿಗೊಮ್ಮೆಯೋ ಮಾಡಿ ಮುಗಿಸುವ ಕೆಲಸಗಳು. ಮುಗಿದ ಮೇಲೆ ಅವು ಕಣ್ಣಿಗೆ ಕಾಣುವಂತೆ ನಿಲ್ಲುತ್ತವೆ. ಬಣವೆ ನಿಂತಿರುತ್ತದೆ, ಬೇಲಿ ನಿಂತಿರುತ್ತದೆ. ಹೆಣ್ಣಿನ ಪಾಲಿನವು ದಿನವೂ ಮಾಡಬೇಕಾದ, ಸಂಜೆಯ ವೇಳೆಗೆ ಅಳಿಸಿಹೋಗುವ ಕೆಲಸಗಳು. ಗುಡಿಸಿದ ಅಂಗಳಕ್ಕೆ ಎಲೆ ಉದುರುತ್ತದೆ, ರಂಗೋಲಿಯನ್ನು ಕೋಳಿ ಕೆದರುತ್ತದೆ. ಅವು ಮಾಡಿದಾಗ ಕಾಣುವುದಿಲ್ಲ, ಮಾಡದಿದ್ದಾಗ ಮಾತ್ರ ಕಾಣುತ್ತವೆ. ಬೆಳಕು ಹರಿದ ಮೇಲೂ ಗುಡಿಸದ ಅಂಗಳ ಆ ಮನೆಯ ಸೊಸೆಯ ಮೇಲಿನ ಆಕ್ಷೇಪವಾಗುತ್ತದೆ. ಮುರಿದ ಬೇಲಿ ಆ ಮನೆಯ ಮಗನ ಮೇಲೆ ಅಂಥ ಆಕ್ಷೇಪವನ್ನು ತರುವುದಿಲ್ಲ.

ಸಗಣಿಯ ಉದಾಹರಣೆ ಇದನ್ನು ಇನ್ನಷ್ಟು ವಿಶದಪಡಿಸುತ್ತದೆ. ಪ್ರತಿದಿನ ಕೊಟ್ಟಿಗೆಯಿಂದ ತಿಪ್ಪೆಗೆ ಸಗಣಿಯ ಪುಟ್ಟಿಯನ್ನು ಹೊರುವವಳು ಹೆಣ್ಣು. ಬೇಸಿಗೆಯ ಕೊನೆಗೆ ಅದೇ ತಿಪ್ಪೆಯ ಗೊಬ್ಬರವನ್ನು ಬಂಡಿಗೆ ಅಥವಾ ಟ್ರ್ಯಾಕ್ಟರಿಗೆ ಹೇರಿ ಹೊಲಕ್ಕೆ ಸಾಗಿಸುವವನು ಗಂಡು. ಪುಟ್ಟಿಯಲ್ಲಿದ್ದಾಗ ಅದು ಮನೆಗೆಲಸ. ಬಂಡಿಗೇರಿದ ಕೂಡಲೇ ಅದು ಕೃಷಿ. ವಸ್ತು ಬದಲಾಗಲಿಲ್ಲ, ಭಾರವೂ ಬದಲಾಗಲಿಲ್ಲ. ಬದಲಾದದ್ದು ಸಲಕರಣೆ ಮತ್ತು ಅದನ್ನು ಹಿಡಿದ ಕೈ. ಕಣ ಸಿದ್ಧಪಡಿಸುವಾಗಲೂ ಇದೇ ಕ್ರಮವಿದೆ. ನೆಲ ಸಮಮಾಡುವವರು ಗಂಡಸರು, ಸಗಣಿಯಿಂದ ಸಾರಿಸುವವರು ಹೆಂಗಸರು.

ಈ ದುಡಿಮೆಗೆ ಸಂಪ್ರದಾಯವು ಗೌರವವನ್ನೇ ಕೊಟ್ಟಿಲ್ಲವೆಂದು ಹೇಳಲಾಗದು. ರಂಗೋಲಿಯು ಮಂಗಳದ ಕುರುಹು. ದೀಪಾವಳಿಯ ಪಾಡ್ಯದಂದು ಉತ್ತರ ಕರ್ನಾಟಕದ ಹಲವೆಡೆ ಸಗಣಿಯಿಂದ ಪಾಂಡವರನ್ನು ಮಾಡಿ ಪೂಜಿಸುತ್ತಾರೆ. ಆದರೆ ಈ ಗೌರವ ವಸ್ತುವಿಗೆ ಸಲ್ಲುವಂಥದು. ಅದನ್ನು ದಿನವೂ ಕೈಯಿಂದ ಬಾಚುವವಳ ದುಡಿಮೆಗೆ ‘ದುಡಿಮೆ’ ಎಂಬ ಹೆಸರು ದೊರೆಯಲಿಲ್ಲ. ‘ಅವಳಿಗೆ ಏನೂ ಕೆಲಸವಿಲ್ಲ, ಮನೆಯಲ್ಲೇ ಇರುತ್ತಾಳೆ’ ಎಂಬ ಆಡುಮಾತು ಹಾಲು ಕರೆದು, ಸಗಣಿ ಬಾಚಿ, ಹುಲ್ಲು ತಂದವಳನ್ನು ಕುರಿತೇ ಹುಟ್ಟಿದ್ದು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಗಿಡಕ್ಕೆ ಎಷ್ಟು ಅನ್ವಯಿಸುತ್ತದೆಯೋ ಗಿಡಕ್ಕೆ ನೀರೆರೆದವಳಿಗೂ ಅಷ್ಟೇ ಅನ್ವಯಿಸುತ್ತದೆ.

3. ಕುಡುಗೋಲಿನಿಂದ ಯಂತ್ರಕ್ಕೆ

ಹುಲ್ಲನ್ನು ಕೊಯ್ಯುವ ಕೆಲಸದ ಚರಿತ್ರೆಯನ್ನು ನೋಡಿದರೆ ಈ ವಿಭಜನೆಯ ತತ್ವ ಮತ್ತಷ್ಟು ಸ್ಪಷ್ಟವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಬದುವಿನ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತರುವ ಕೆಲಸ ಬಹುತೇಕ ಹೆಂಗಸರದೇ. ಬಗ್ಗಿ ಕೊಯ್ಯಬೇಕು, ಕುಳಿತು ಕೂಡಿಹಾಕಬೇಕು, ಹೊರೆ ಹೊತ್ತು ನಡೆಯಬೇಕು. ಇದಕ್ಕೆ ಬೇಕಾದ ಬಲ ಕಡಿಮೆಯದಲ್ಲ.

ಹುಲ್ಲುಹಾಸು ಕತ್ತರಿಸುವ ಯಂತ್ರವನ್ನು ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ರೂಪಿಸಿದನು. ಉಣ್ಣೆಬಟ್ಟೆಯ ಗಿರಣಿಗಳಲ್ಲಿ ಬಟ್ಟೆಯ ಮೇಲಿನ ಎಳೆಗಳನ್ನು ಸಮನಾಗಿ ಕತ್ತರಿಸುವ ಯಂತ್ರವೇ ಅದಕ್ಕೆ ಮಾದರಿ. ಹಳ್ಳಿಗಾಡಿನ ಶ್ರೀಮಂತ ಪುರುಷರಿಗೆ ಇದು ಆರೋಗ್ಯಕರವಾದ ವ್ಯಾಯಾಮವೂ ಆದೀತೆಂದು ಆತ ತನ್ನ ಹಕ್ಕುಪತ್ರದಲ್ಲಿ ಸೂಚಿಸಿದ್ದನು. ಅಂದರೆ ಯಂತ್ರ ಹುಟ್ಟುವಾಗಲೇ ಅದನ್ನು ಬಳಸುವವನು ಗಂಡಸು ಎಂಬ ಕಲ್ಪನೆ ಅದರೊಂದಿಗಿತ್ತು. ಅದೇ ಇಂಗ್ಲೆಂಡಿನ ದೊಡ್ಡ ತೋಟಗಳಲ್ಲಿ ಕುಳಿತು ಕಳೆ ಕೀಳುವ ಕೆಲಸಕ್ಕೆ ಹೆಂಗಸರನ್ನು ಕಡಿಮೆ ಕೂಲಿಗೆ ನೇಮಿಸಿಕೊಳ್ಳುವ ರೂಢಿಯಿತ್ತು.

ಅಮೆರಿಕದಲ್ಲಿ ಮನೆಯ ಮುಂದಿನ ಹುಲ್ಲುಹಾಸು ಮಧ್ಯಮವರ್ಗದ ಮರ್ಯಾದೆಯ ಗುರುತಾಯಿತು. ಹುಲ್ಲು ಇಂತಿಷ್ಟು ಎತ್ತರ ಮೀರಬಾರದೆಂಬ ಸ್ಥಳೀಯ ನಿಯಮಗಳು ಅಲ್ಲಿನ ಅನೇಕ ಊರುಗಳಲ್ಲಿವೆ. ಅಲ್ಲಿನ ಸಮಯ ಬಳಕೆ ಸಮೀಕ್ಷೆಗಳ ಪ್ರಕಾರ ಅಡುಗೆ ಮತ್ತು ಶುಚಿಗೊಳಿಸುವ ಕೆಲಸಗಳಲ್ಲಿ ಮಹಿಳೆಯರು ಹೆಚ್ಚಾಗಿ ತೊಡಗಿದರೆ, ಹುಲ್ಲುಹಾಸು ಮತ್ತು ಕೈತೋಟದ ಆರೈಕೆಯಲ್ಲಿ ಪುರುಷರು ಹೆಚ್ಚಾಗಿ ತೊಡಗುತ್ತಾರೆ. ಹುಟ್ಟೂರಿನಲ್ಲಿ ಕಸಬರಿಗೆ ಮುಟ್ಟದ ಕನ್ನಡದ ಯುವಕನೊಬ್ಬ ಅಲ್ಲಿ ನೆಲೆಸಿದ ಮೇಲೆ ವಾರಕ್ಕೊಮ್ಮೆ ಮನೆಯ ಮುಂದಿನ ಹುಲ್ಲನ್ನು ತಾನೇ ಕತ್ತರಿಸುವುದರಲ್ಲಿ ಅಗೌರವವನ್ನು ಕಾಣುವುದಿಲ್ಲ. ಏಕೆಂದರೆ ಆ ಕೆಲಸ ಅಲ್ಲಿ ಯಂತ್ರದ್ದು, ವಾರಕ್ಕೊಮ್ಮೆಯದು, ಬೀದಿಗೆ ಕಾಣುವಂಥದು. ಮನೆಯ ಮುಂದಿನ ಜಾಗವನ್ನು ಓರಣವಾಗಿಡುವ ಕೆಲಸ ಒಂದು ನಾಡಿನಲ್ಲಿ ಹೆಣ್ಣಿನದಾಗಿ, ಇನ್ನೊಂದು ನಾಡಿನಲ್ಲಿ ಗಂಡಿನದಾಗಿ ಇರುವುದಾದರೆ, ಅದನ್ನು ದೇಹಸ್ವಭಾವದ ಮಾತಿನಿಂದ ಸಮರ್ಥಿಸಲು ಸಾಧ್ಯವಿಲ್ಲ.

ಮಲಪನಗುಡಿಯ ಆಸುಪಾಸಿನಲ್ಲಿ ಈ ಎರಡು ಪದ್ಧತಿಗಳು ಸಂಧಿಸುತ್ತವೆ. ಹಂಪಿಯ ಕಮಲ ಮಹಲಿನ ಸುತ್ತಣ ಹುಲ್ಲುಹಾಸು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಆರೈಕೆಯಲ್ಲಿದೆ. ನಮ್ಮ ನಾಡಿನ ಸಾರ್ವಜನಿಕ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಕಾಣುವ ಏರ್ಪಾಟೆಂದರೆ, ಯಂತ್ರದಿಂದ ಹುಲ್ಲು ಕತ್ತರಿಸುವವರು ಗಂಡಸರು, ಸಾಲಾಗಿ ಕುಳಿತು ಕೈಯಿಂದ ಕಳೆ ಕೀಳುವವರು, ಎಲೆ ಗುಡಿಸುವವರು ಹೆಂಗಸರು. ನಿಂತು ಮಾಡುವ ಕೆಲಸ ಅವನದು, ಕುಳಿತು ಅಥವಾ ಬಗ್ಗಿ ಮಾಡುವುದು ಅವಳದು. ಭಾಷೆಯೂ ಇದನ್ನೇ ಹೇಳುತ್ತದೆ. ಅವನು ‘ಮಾಲಿ’, ಅವಳು ‘ಕಸ ಗುಡಿಸುವವಳು’. ಒಂದು ವೃತ್ತಿಯ ಹೆಸರು, ಮತ್ತೊಂದು ಬರಿಯ ಕ್ರಿಯೆಯ ಹೆಸರು.

ಕೃಷಿಯಲ್ಲಿ ನೇಗಿಲಿನಂಥ ಸಲಕರಣೆಗಳು ಬಂದಾಗ ಅವು ಗಂಡಸರ ಕೈಸೇರಿ, ಹೆಂಗಸರು ಕೈಕೆಲಸದಲ್ಲಿಯೇ ಉಳಿಯುತ್ತಾರೆಂಬುದನ್ನು ಎಸ್ಟರ್ ಬೋಸರಪ್ 1970ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ತೋರಿಸಿಕೊಟ್ಟರು. ಗದ್ದೆಯಲ್ಲಿ ನಾಟಿ ಮತ್ತು ಕಳೆ ಹೆಂಗಸರ ಕೈಯಲ್ಲಿದ್ದು, ಟ್ರ್ಯಾಕ್ಟರು ಮತ್ತು ಕೊಯ್ಲುಯಂತ್ರಗಳು ಗಂಡಸರ ಕೈಯಲ್ಲಿರುವುದು ಇದಕ್ಕೆ ನಿದರ್ಶನ. ಅಂಗಳವೂ ಈ ನಿಯಮಕ್ಕೆ ಹೊರತಲ್ಲ.

4. ಬೀದಿ, ಜಾತಿ ಮತ್ತು ಕಾಯಕ

ಕಸಬರಿಗೆ ಮನೆಯ ಅಂಗಳವನ್ನು ದಾಟಿ ಬೀದಿಗಿಳಿದಾಗ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಸ್ವಂತ ಅಂಗಳ ಗುಡಿಸುವವಳು ಗೃಹಿಣಿ. ಅನ್ಯರ ಅಂಗಳವನ್ನೂ ಬೀದಿಯನ್ನೂ ಗುಡಿಸುವವಳನ್ನು ಸಮಾಜ ಜಾತಿಯಿಂದ ಗುರುತಿಸುತ್ತದೆ. ಭೂಮಾಲೀಕರ ಕೊಟ್ಟಿಗೆ ಮತ್ತು ಅಂಗಳಗಳನ್ನು ಶುಚಿಗೊಳಿಸುವ ಚಾಕರಿಯನ್ನು ದಲಿತ ಕುಟುಂಬಗಳು ತಲೆಮಾರುಗಳ ಕಾಲ ಮಾಡಿದವು. ಇಂದಿನ ನಗರಗಳ ಪೌರಕಾರ್ಮಿಕರಲ್ಲಿಯೂ ಗುಡಿಸುವ ಕೆಲಸದಲ್ಲಿ ಮಹಿಳೆಯರೇ ಹೆಚ್ಚು. ಕಸದ ವಾಹನದ ಚುಕ್ಕಾಣಿ ಸಾಮಾನ್ಯವಾಗಿ ಗಂಡಸರದು. ಆದ್ದರಿಂದ ಅಂಗಳದ ದುಡಿಮೆಯನ್ನು ಲಿಂಗದ ನೆಲೆಯಿಂದ ಮಾತ್ರ ನೋಡುವುದು ಅಪೂರ್ಣ.

ಈ ಸಂದರ್ಭದಲ್ಲಿ ಹನ್ನೆರಡನೆಯ ಶತಮಾನದ ಶರಣರ ಚಿಂತನೆ ನೆನಪಾಗುತ್ತದೆ. ವಚನಕಾರ್ತಿ ಸತ್ಯಕ್ಕನ ಕಾಯಕ ಶಿವಭಕ್ತರ ಮನೆಯಂಗಳವನ್ನು ಗುಡಿಸುವುದು. ಆಯ್ದಕ್ಕಿ ಲಕ್ಕಮ್ಮನ ಪತಿ ಮಾರಯ್ಯನ ಕಾಯಕ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು. ಬಾಗಿ ಮಾಡುವ ಕೆಲಸವನ್ನು ಇಲ್ಲಿ ಗಂಡಸೊಬ್ಬ ತನ್ನ ಕಾಯಕವೆಂದು ಒಪ್ಪಿದ್ದಾನೆ. ಅಂಗಳ ಗುಡಿಸುವುದಕ್ಕೆ ‘ಕಾಯಕ’ ಎಂಬ ಹೆಸರು ಬಂದಾಗ ಅದನ್ನು ಮಾಡುವವಳು ಹೆಸರುಳ್ಳ ವ್ಯಕ್ತಿಯಾಗುತ್ತಾಳೆ, ಅಂಕಿತವುಳ್ಳ ಕವಿಯಾಗುತ್ತಾಳೆ. ನಮ್ಮ ಆಧುನಿಕ ಲೆಕ್ಕಪದ್ಧತಿ ಇಷ್ಟನ್ನೂ ಕೊಡಲಿಲ್ಲವೆಂಬುದು ವಿಷಾದದ ಸಂಗತಿ.

5. ಲೆಕ್ಕಕ್ಕೆ ಸಿಗದ ದುಡಿಮೆ

ರಾಷ್ಟ್ರೀಯ ಮಾದರಿ ಸಮೀಕ್ಷೆಯ ಉದ್ಯೋಗ ವರ್ಗೀಕರಣದಲ್ಲಿ 92 ಮತ್ತು 93 ಎಂಬ ಎರಡು ಸಂಕೇತಗಳಿವೆ. ಮನೆಗೆಲಸ ಮಾತ್ರ ಮಾಡುವವರು ಮೊದಲನೆಯದಕ್ಕೆ ಸೇರುತ್ತಾರೆ. ಮನೆಗೆಲಸದ ಜೊತೆಗೆ ಸೊಪ್ಪು, ಸೌದೆ, ಮೇವು ಕೂಡಿಹಾಕುವಂಥ ಕೆಲಸ ಮಾಡುವವರು ಎರಡನೆಯದಕ್ಕೆ ಸೇರುತ್ತಾರೆ. ಈ ಎರಡು ವರ್ಗದವರೂ ಶ್ರಮಶಕ್ತಿಯ ಲೆಕ್ಕದಿಂದ ಹೊರಗೆ. ಹುಲ್ಲಿನ ಹೊರೆ ಹೊತ್ತವಳು ಅಂಕಿಅಂಶದಲ್ಲಿ ದುಡಿಯದವಳು.

ಇದನ್ನು ಪ್ರಶ್ನಿಸಿದವರಲ್ಲಿ ಮೈಸೂರಿನಲ್ಲಿ ಜನಿಸಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಪ್ರಮುಖರು. 1970ರ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ನಡೆಸಿದ ಸಮಯ ಬಳಕೆಯ ಅಧ್ಯಯನದ ಮೂಲಕ ಅವರು ಮಹಿಳೆಯರ ಕಾಣದ ದುಡಿಮೆಯತ್ತ ಗಮನ ಸೆಳೆದರು. 1998-99ರಲ್ಲಿ ಆರು ರಾಜ್ಯಗಳಲ್ಲಿ ನಡೆದ ಪ್ರಾಯೋಗಿಕ ಸಮೀಕ್ಷೆಯಲ್ಲಿ ಕರ್ನಾಟಕ ಸೇರಿರಲಿಲ್ಲ. 2019ರಲ್ಲಿ ದೇಶವ್ಯಾಪಿಯಾಗಿ ನಡೆದ ಸಮೀಕ್ಷೆಯ ಪ್ರಕಾರ, ಆರು ವರ್ಷ ಮತ್ತು ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಶೇ. 81.2, ಪುರುಷರು ಶೇ. 26.1. ತೊಡಗಿದವರು ದಿನಕ್ಕೆ ವ್ಯಯಿಸಿದ ಸರಾಸರಿ ಸಮಯ ಮಹಿಳೆಯರಲ್ಲಿ 299 ನಿಮಿಷ, ಪುರುಷರಲ್ಲಿ 97 ನಿಮಿಷ.

ಈ ಲೆಕ್ಕ ಕೇವಲ ಪಾಂಡಿತ್ಯದ ವಿಷಯವಲ್ಲ. ಹೆದ್ದಾರಿಯಲ್ಲಿ ಅಪಘಾತಕ್ಕೀಡಾಗಿ ಗೃಹಿಣಿಯೊಬ್ಬಳು ಮೃತಪಟ್ಟರೆ ಅವಳ ದುಡಿಮೆಯ ಬೆಲೆ ಎಷ್ಟೆಂದು ನ್ಯಾಯಮಂಡಳಿ ನಿರ್ಧರಿಸಬೇಕಾಗುತ್ತದೆ. 2010ರ ಅರುಣ್ ಕುಮಾರ್ ಅಗರವಾಲ್ ಪ್ರಕರಣದಲ್ಲಿ, ಗೃಹಿಣಿಯರನ್ನು ಭಿಕ್ಷುಕರು ಮತ್ತು ಕೈದಿಗಳೊಂದಿಗೆ ದುಡಿಯದವರ ವರ್ಗಕ್ಕೆ ಸೇರಿಸಿದ ಜನಗಣತಿಯ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ ಟೀಕಿಸಿತು. 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದ ತೀರ್ಪಿನಲ್ಲಿ, 2019ರ ಸಮೀಕ್ಷೆಯ ಈ ಅಂಕಿಗಳನ್ನೇ ಉಲ್ಲೇಖಿಸಿ, ಗೃಹಿಣಿಯ ದುಡಿಮೆಗೆ ಕಾಲ್ಪನಿಕ ಆದಾಯವನ್ನು ನಿಗದಿಪಡಿಸುವುದು ನ್ಯಾಯಸಮ್ಮತವೆಂದಿತು. ಜೀವಂತವಾಗಿದ್ದಾಗ ಸಿಗದ ಬೆಲೆ ಮರಣದ ನಂತರ ನ್ಯಾಯಾಲಯದಲ್ಲಿ ಸಿಗುವುದು ನಮ್ಮ ವ್ಯವಸ್ಥೆಯ ವಿಪರ್ಯಾಸ.

6. ಬದಲಾವಣೆಯ ಕುರುಹುಗಳು ಮತ್ತು ಸಮಾರೋಪ

ಸಲಕರಣೆ ಮತ್ತು ಹಣ ಮಹಿಳೆಯ ಕೈಗೆ ಬಂದಾಗ ಈ ವಿಭಜನೆ ಸಡಿಲಗೊಳ್ಳುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನಗಳಿವೆ. 1986-87ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ಟೆಪ್’ ಯೋಜನೆಯ ನೆರವಿನಿಂದ ರಾಜ್ಯದಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಸ್ಥಾಪನೆಗೊಂಡವು. ಕೊಟ್ಟಿಗೆಯ ಕೆಲಸ ಮೊದಲಿನಂತೆಯೇ ಉಳಿಯಿತು. ಆದರೆ ಹಾಲಿನ ಲೆಕ್ಕ ಅವಳ ಹೆಸರಿನಲ್ಲಿ ಬರತೊಡಗಿತು. ಇತ್ತೀಚಿನ ವರ್ಷಗಳಲ್ಲಿ ಗ್ರಾಮ ಪಂಚಾಯತಿಗಳ ‘ಸ್ವಚ್ಛ ವಾಹಿನಿ’ ಕಸದ ವಾಹನಗಳನ್ನು ಓಡಿಸಲು ಸ್ವಸಹಾಯ ಗುಂಪುಗಳ ಮಹಿಳೆಯರಿಗೆ ತರಬೇತಿ ನೀಡಲಾಗಿದೆ. ಕಸಬರಿಗೆ ಹಿಡಿದ ಕೈ ಚುಕ್ಕಾಣಿಯನ್ನೂ ಹಿಡಿಯಬಲ್ಲುದೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಆದರೆ ಈ ಬದಲಾವಣೆ ಒಮ್ಮುಖವಾದದ್ದು. ಹೆಣ್ಣು ವಾಹನ ಏರಿದಷ್ಟು ಸುಲಭವಾಗಿ ಗಂಡು ಕಸಬರಿಗೆ ಹಿಡಿದಿಲ್ಲ. ಹೀಗಾದಾಗ ಹೊಸ ಕೆಲಸ ಹಳೆಯದರ ಮೇಲೆ ಹೇರಿದ ಇನ್ನೊಂದು ಹೊರೆಯಾಗುತ್ತದೆ.

ಒಟ್ಟಿನಲ್ಲಿ ಅಂಗಳದ ಶ್ರಮವಿಭಜನೆಯನ್ನು ನಿರ್ಧರಿಸುವ ಅಂಶಗಳು ಮೂರು: ಕೆಲಸದ ಆವರ್ತನೆ, ಸಲಕರಣೆ ಮತ್ತು ಸಂಭಾವನೆ. ದಿನವೂ ಮರುಕಳಿಸುವ, ಬರಿಗೈಯಿಂದ ಮಾಡುವ, ಹಣ ಸಿಗದ ಕೆಲಸ ಹೆಣ್ಣಿನದಾಗುತ್ತದೆ. ಇವುಗಳಲ್ಲಿ ಯಾವುದೊಂದು ಬದಲಾದರೂ ಅದೇ ಕೆಲಸ ಗಂಡಿನ ಕಡೆಗೆ ಸರಿಯತೊಡಗುತ್ತದೆ. ದೇಹಬಲದ ವಾದ ಈ ವ್ಯವಸ್ಥೆಗೆ ಆಮೇಲೆ ಹೊದಿಸಿದ ಸಮರ್ಥನೆ. ಈ ತೀರ್ಮಾನ ಸರಿಯಾದರೆ ಅದರಿಂದ ಎರಡು ಕರ್ತವ್ಯಗಳು ಒದಗುತ್ತವೆ. ಸ್ಮಾರಕಗಳು, ವಸತಿಗೃಹಗಳು, ವಿದ್ಯಾಸಂಸ್ಥೆಗಳು ತಮ್ಮ ಆವರಣದಲ್ಲಿ ಕಳೆ ಕೀಳುವ ಮಹಿಳೆಯರಿಗೂ ಯಂತ್ರದ ತರಬೇತಿಯನ್ನೂ ಅದಕ್ಕೆ ತಕ್ಕ ಕೂಲಿಯನ್ನೂ ನೀಡಬೇಕು. ಗಂಡುಮಕ್ಕಳಿಗೆ ಅಂಗಳ ಗುಡಿಸುವುದನ್ನು ಮನೆಯಲ್ಲಿ ಚಿಕ್ಕಂದಿನಲ್ಲೇ ಕಲಿಸಬೇಕು. ಮೊದಲನೆಯದು ಸಂಸ್ಥೆಗಳ ಆದೇಶದಿಂದ ಆಗಬಹುದಾದದ್ದು. ಎರಡನೆಯದಕ್ಕೆ ಯಾವ ಆದೇಶವೂ ಇಲ್ಲ. ಅದು ಪ್ರತಿ ಮನೆಯ ಬೆಳಗಿನಲ್ಲಿ ತೀರ್ಮಾನವಾಗಬೇಕಾದದ್ದು.