ಗೋಡೆಯ ಮುಜಂಟಿಗೆ ಹಾರೆ ಹಾಕುವ ಮುನ್ನ

ಹಳೇ ಮಣ್ಣಿನ ಗೋಡೆ ಒಡೆದು ಮುಜಂಟಿ ಜೇನನ್ನು ಪೆಟ್ಟಿಗೆಗೆ ತುಂಬಿಸಿದವರು ಎರಡು ತಿಂಗಳಾಗುವಷ್ಟರಲ್ಲಿ ‘ಹುಳ ಎಲ್ಲ ಖಾಲಿಯಾಯ್ತು ಮಾರಾಯ್ರೆ’ ಎನ್ನುವುದನ್ನು ಕೇಳಿ ಕೇಳಿ ಸಾಕಾಗಿದೆ. ರಾಣಿಯನ್ನು ಮಣ್ಣಿನ ರಾಶಿಯಲ್ಲೇ ಬಿಟ್ಟು ಬಂದರೆ ಇನ್ನೇನಾಗಬೇಕು?

ಮೊದಲು ಗುರುತು. ಎತ್ತರದ ಮರಕ್ಕೋ ಬಂಡೆಗೋ ನೇತುಬಿದ್ದ ಒಂದೇ ದೊಡ್ಡ ಎರಿ ಹೆಜ್ಜೇನಿನದು. ಪೊದೆಯ ಕಡ್ಡಿಗೆ ಕಟ್ಟಿದ ಒಂದೇ ಪುಟ್ಟ ಎರಿ ಕೋಲುಜೇನಿನದು. ಪೊಟರೆ, ಹುತ್ತಗಳಲ್ಲಿ ಸಾಲಾಗಿ ಹಲವು ಎರಿಗಳಿದ್ದರೆ ತುಡುವೆ. ಸೊಳ್ಳೆಗಿಂತ ತುಸು ದಪ್ಪನೆಯ ಕಪ್ಪು ಹುಳ, ಬಿರುಕಿನಿಂದ ಹೊರಚಾಚಿದ ಅಂಟುಮೇಣದ ಕೊಳವೆ ಇದ್ದರೆ ಮುಜಂಟಿ. ಘಟ್ಟದ ಮೇಲೆ ಇದೇ ಮಿಸ್ರಿ. ಕೊಂಡಿಯಿಂದ ಚುಚ್ಚಲಾರದು, ಆದರೆ ಕೂದಲೊಳಗೆ ಹೊಕ್ಕು ಕಚ್ಚುತ್ತದೆ. ತಲೆಗೆ ಬಟ್ಟೆ ಸುತ್ತಿಕೊಳ್ಳಿ.

ಗೋಡೆ ಉಳಿಯುವುದಾದರೆ ಒಡೆಯಲೇಬೇಡಿ. ಗೂಡಿನ ಬಾಯಿಗೆ ಸಣ್ಣ ಪೈಪು ಕೂರಿಸಿ, ಸುತ್ತಲಿನ ಸಂದುಗಳನ್ನು ಕೆಸರುಮಣ್ಣಿನಿಂದ ಮುಚ್ಚಿ. ಪೈಪಿನ ಇನ್ನೊಂದು ತುದಿ ಖಾಲಿ ಮರದ ಪೆಟ್ಟಿಗೆಯೊಳಗೆ ಹೋಗಲಿ. ಪೆಟ್ಟಿಗೆಯ ಎದುರು ಬದಿಗೆ ಒಂದೇ ತೂತು. ಹಳೆಯ ಕೊಳವೆಯ ಮೇಣವನ್ನು ಅದರ ಸುತ್ತ ಮೆತ್ತಿದರೆ ಹುಳಗಳು ವಾಸನೆ ಹಿಡಿದು ಬರುತ್ತವೆ.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಪೆಟ್ಟಿಗೆಯಲ್ಲಿ ತುಪ್ಪದ ಗುಳ್ಳೆ ಕಂಡ ಕೂಡಲೇ ಪೈಪು ಕೀಳುತ್ತಾರೆ. ತುಪ್ಪವಿದ್ದರೆ ಸಂಸಾರವಿದೆ ಎಂದಲ್ಲ! ಮೊಟ್ಟೆ-ಮರಿಗಳ ಗೊಂಚಲು ಬೇಕು, ಅದರ ಮೇಲೆ ಓಡಾಡುವ ರಾಣಿ ಬೇಕು. ಮೊಟ್ಟೆಯಿಡುವ ರಾಣಿಯ ಹೊಟ್ಟೆ ಉಬ್ಬಿ ಕಂದಾಗಿರುತ್ತದೆ. ಆಕೆ ಹಾರಲಾರಳು, ನೀವು ಬಿಟ್ಟಲ್ಲೇ ಉಳಿಯುತ್ತಾಳೆ. ಪೆಟ್ಟಿಗೆಯಲ್ಲಿ ಇಷ್ಟೆಲ್ಲ ಆಗಲು ಆರು ತಿಂಗಳು, ಕೆಲವೊಮ್ಮೆ ವರ್ಷವೇ ಹಿಡಿದೀತು. ಮುಜಂಟಿ ತುಪ್ಪದ ಬೆಲೆ ಕೇಳಿ ಹೊರಟವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಅಂಥವರು ಇದಕ್ಕೆ ಕೈಹಾಕದಿರುವುದೇ ಲೇಸು.

ಗೋಡೆ ಕೆಡವಲೇಬೇಕಾದರೆ ಉಳಿಯಿಂದ ಮೆಲ್ಲಗೆ ಬಿಡಿಸಿ, ಮರಿಗೊಂಚಲನ್ನು ಅದುಮದೆ ರಾಣಿಯ ಸಮೇತ ಪೆಟ್ಟಿಗೆಗಿಡಿ. ರಾಣಿ ಸಿಗದಿದ್ದರೆ ಉಳಿದವುಗಳಿಗಿಂತ ದೊಡ್ಡದಾದ ರಾಣಿಮೊಟ್ಟೆ ಗೊಂಚಲಲ್ಲಿದೆಯೇ ನೋಡಿ. ಒಡೆದ ತುಪ್ಪದ ಗುಳ್ಳೆಗಳನ್ನು ಒಳಗೆ ಹಾಕಬೇಡಿ. ಹುಳ ಅಂಟಿ ಸಾಯುತ್ತವೆ, ಇರುವೆ ಮುತ್ತುತ್ತದೆ. ಹೊರಹೋದವು ಮರಳಲು ಪೆಟ್ಟಿಗೆ ಸಂಜೆವರೆಗೂ ಅದೇ ಜಾಗದಲ್ಲಿರಲಿ.

ಮತ್ತೆ ನೆರಳು, ಸ್ಟ್ಯಾಂಡಿನ ಕಾಲಿಗೆ ಗ್ರೀಸು, ಅಂಗಳದಲ್ಲಿ ತುಳಸಿ. ಹೂಬಿಟ್ಟ ಗಿಡಕ್ಕೆ ಕೀಟನಾಶಕ ಬೇಡ. ಮೊದಲ ವರ್ಷ ತುಪ್ಪವನ್ನೂ ತೆಗೆಯಬೇಡಿ.