ಬೋರ್ಡ್ ನೋಡಿದ್ರೆ ಸಾಲದು, ಪತ್ರ ನೋಡಿ

ಕೆಂಗೇರಿ ಕಡೆ ಸೈಟ್ ತಗೊಳ್ಳೋರು ಜಾಗದಲ್ಲಿ ನೆಟ್ಟಿರೋ ಬೋರ್ಡ್ ನೋಡಿ ದುಡ್ಡು ಕೊಡಲ್ಲ. ಮೂಲಪತ್ರ, ಖಾತಾ, ಇ.ಸಿ. ಎಲ್ಲಾ ತರಿಸಿ ನೋಡ್ತಾರೆ. ಓಪನ್ ಸೋರ್ಸ್‌ಗೆ ದಾನವಾಗಿ ಬರೋ ಕೋಡಿನ ಕಥೆಯೂ ಅಷ್ಟೇ. ಫೈಲಿನ ತಲೆಯಲ್ಲಿರೋ ಲೈಸೆನ್ಸ್ ಹೆಡರ್ ಬರೀ ಬೋರ್ಡು.

ನಮ್ಮೂರಿನದೇ ಉದಾಹರಣೆ ನೋಡಿ. ಬೆಂಗಳೂರಿನ ಇನ್‌ಮೊಬಿ ಕಂಪನಿ ತಾನು ಬೆಳೆಸಿದ ಫಾಲ್ಕನ್ ಎಂಬ ತಂತ್ರಾಂಶವನ್ನು 2013ರಲ್ಲಿ, ಲೆನ್ಸ್ ಎಂಬುದನ್ನು 2014ರಲ್ಲಿ ಅಪಾಚೆ ಫೌಂಡೇಶನ್ನಿನ ಇನ್‌ಕ್ಯುಬೇಟರ್‌ಗೆ ಕೊಟ್ಟಿತು. ಹೀಗೆ ಹೊರಗೆ ಬೆಳೆದ ಕೋಡ್ ಅಪಾಚೆಗೆ ಬರುವಾಗ ಹಕ್ಕುದಾರರು ಮೊದಲು ಸಾಫ್ಟ್‌ವೇರ್ ಗ್ರಾಂಟ್ ಪತ್ರಕ್ಕೆ ಸಹಿ ಹಾಕಬೇಕು. ಹಳೆಯ ಕಾಪಿರೈಟ್ ಸಾಲನ್ನು ತೆಗೆಯುವುದಾಗಲಿ, ನೋಟಿಸ್ ಫೈಲಿಗೆ ಸಾಗಿಸುವುದಾಗಲಿ ಹಕ್ಕುದಾರರೇ ಮಾಡಬೇಕು, ಇಲ್ಲವೇ ಅವರ ಒಪ್ಪಿಗೆ ಇರಬೇಕು.

ಪರೀಕ್ಷೆ ಹೇಗೆ?

1. ಹೆಡರ್ ಇಲ್ಲದ ಫೈಲುಗಳನ್ನು ಹುಡುಕಿ. ಗ್ರೆಪ್ ಕಮಾಂಡಿಗೆ ದೊಡ್ಡಕ್ಷರದ ಎಲ್ ಆಪ್ಷನ್ ಕೊಟ್ಟರೆ, ನೀವು ಹೇಳಿದ ಸಾಲು ಇಲ್ಲದ ಫೈಲುಗಳ ಪಟ್ಟಿ ಬರುತ್ತೆ. ಇದೇ ಕೆಲಸಕ್ಕೆ ಅಪಾಚೆಯವರದ್ದು ರ‍್ಯಾಟ್ ಎಂಬ ಸಾಧನವಿದೆ.

2. ಬೇರೆಯವರ ಹೆಡರ್ ಇದ್ದರೆ ಓದಿ. ಎಂಐಟಿ, ಬಿಎಸ್‌ಡಿ ಆದರೆ ಹಾಗೇ ಉಳಿಸಿ, ಮೇಲೆ ನಮ್ಮದನ್ನು ಅಂಟಿಸಬೇಡಿ. ಜಿಪಿಎಲ್ ಆದರೆ ಅಪಾಚೆ ಯೋಜನೆಯೊಳಗೆ ಸೇರಿಸುವಂತಿಲ್ಲ. ಆ ಭಾಗ ತೆಗೆದು ಬೇರೆ ದಾರಿ ನೋಡಬೇಕು.

3. ಗಿಟ್ ಲಾಗ್ ತೆರೆಯಿರಿ. ಒಂದೇ ಕಮಿಟ್‌ನಲ್ಲಿ ಸಾವಿರ ಸಾಲು ಧುತ್ತೆಂದು ಬಂದಿದ್ರೆ, ‘ಇದು ಎಲ್ಲಿಂದ ಬಂತು?’ ಅಂತ ಬರೆದವರನ್ನೇ ಕೇಳಿ. ಸ್ಟ್ಯಾಕ್ ಓವರ್‌ಫ್ಲೋದಿಂದ ಎತ್ತಿದ ತುಣುಕಿಗೂ ಕ್ರಿಯೇಟಿವ್ ಕಾಮನ್ಸ್ ಷರತ್ತಿದೆ.

ಮೂರನೆಯದನ್ನು ಬಿಟ್ಟರೆ ಏನಾಗುತ್ತೆ ಅಂತ ನನಗೆ ಗೊತ್ತು. ವಿಜಯನಗರದ ರೂಮಿನಲ್ಲಿ ಕೂತು ನಮ್ಮ ಟೀಮು ಪ್ರಾಜೆಕ್ಟಿನ ಎಲ್ಲಾ ಫೈಲಿಗೂ ಒಂದು ಸ್ಕ್ರಿಪ್ಟ್‌ನಿಂದ ನಮ್ಮ ಹೆಸರಿನ ಹೆಡರ್ ಅಂಟಿಸಿದ್ವಿ. ಪರೀಕ್ಷೆ ಓಡಿಸಿದರೆ ಒಂದೂ ತಪ್ಪಿಲ್ಲ! ಆಮೇಲೆ ಲಾಗ್ ನೋಡಿದ್ರೆ, ಒಂದು ಫೈಲ್ ನಾನೇ ನೆಟ್‌ನಿಂದ ಇಳಿಸಿದ್ದು. ಮೂಲ ಲೇಖಕರ ಸಾಲು ಅಳಿಸಿ ಹೋಗಿ, ಆ ಜಾಗದಲ್ಲಿ ನನ್ನ ಹೆಸರಿತ್ತು. ಬೋರ್ಡ್ ಇದೆಯಾ ಅಂತ ಮಾತ್ರ ಸಾಧನ ನೋಡುತ್ತೆ. ಅದು ನಿಜವಾ ಅಂತ ನೋಡೋದು ನಾವು.

ಕೋಡ್ ಹಾಕಿದವರು ಸಂಬಳ ಕೇಳಲಿಲ್ಲ, ಹೆಸರು ಉಳಿಸಿ ಅಂದರು ಅಷ್ಟೇ. ಅವತ್ತು ರಾತ್ರಿಯೇ ಅವರ ಸಾಲನ್ನು ವಾಪಸ್ ಹಾಕಿದೆ. ನಿಮ್ಮ ಪ್ರಾಜೆಕ್ಟ್ ಸಬ್‌ಮಿಟ್ ಮಾಡೋ ಮುಂಚೆ ಒಮ್ಮೆ ಲಾಗ್ ತೆರೆದು ನೋಡ್ತೀರಾ ತಾನೇ?